ವೈದ್ಯರ ವರದಿಯಲ್ಲಿ ಕಾಣುವ ‘ಇಂಪೇರ್‌ಮೆಂಟ್’ ಎಂಬ ಪದ

ಆರೋಗ್ಯ ತಪಾಸಣಾ ಶಿಬಿರಗಳಿಗೆ ಬರುವ ಸದ್ಭಕ್ತರಲ್ಲಿ ಅನೇಕರು ಹಳೆಯ ವರದಿಗಳ ಕಟ್ಟೊಂದನ್ನು ಜೊತೆಗೆ ತಂದಿರುತ್ತಾರೆ. ಆ ಕಟ್ಟನ್ನು ಬಿಚ್ಚಿದರೆ ಎಲ್ಲಿಯೋ ಒಂದೆಡೆ ‘ಇಂಪೇರ್‌ಮೆಂಟ್’ ಎಂಬ ಆಂಗ್ಲ ಪದ ಕಾಣಿಸುವುದು ಸಾಮಾನ್ಯ. ಮೂತ್ರಪಿಂಡದ ವರದಿಯಲ್ಲಿ ಅದು ‘ರೀನಲ್ ಇಂಪೇರ್‌ಮೆಂಟ್’ ಎಂದಿರುತ್ತದೆ; ಕಿವಿಯ ವರದಿಯಲ್ಲಿ ‘ಹಿಯರಿಂಗ್ ಇಂಪೇರ್‌ಮೆಂಟ್’, ಕಣ್ಣಿನದರಲ್ಲಿ ‘ವಿಷುವಲ್ ಇಂಪೇರ್‌ಮೆಂಟ್’, ವಯಸ್ಸಾದವರ ಮರೆವನ್ನು ಪರೀಕ್ಷಿಸಿದ ಚೀಟಿಯಲ್ಲಿ ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’. ಮನೆಯಲ್ಲಿ ಇಂಗ್ಲಿಷ್ ಬಲ್ಲ ಮಗನೋ ಮೊಮ್ಮಗಳೋ ಅದನ್ನು ಓದಿ ಕನ್ನಡಕ್ಕೆ ತಿರುಗಿಸುತ್ತಾರೆ. ‘ಕಿಡ್ನಿ ಹೋಗಿದೆಯಂತೆ’, ‘ಕಿವಿ ಕೆಟ್ಟಿದೆಯಂತೆ’, ‘ಅಜ್ಜಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವಂತೆ’ ಎಂಬ ಮಾತು ಅಂದೇ ಸಂಜೆ ಬಂಧುಗಳ ಮನೆಗಳನ್ನೆಲ್ಲ ಮುಟ್ಟುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ. ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಚೀಟಿಯನ್ನು ಮಡಚಿ ದೇವರ ಜಗುಲಿಯ ಕೆಳಗಿನ ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. ಈ ಎರಡೂ ಬಗೆಯ ಓದಿನಿಂದ ರೋಗಿಗೆ ಆಗುವ ಹಾನಿಯನ್ನು ನಾವು ಮೇಲಿಂದ ಮೇಲೆ ಕಾಣುತ್ತಿರುವುದರಿಂದ ಈ ಸಲದ ಆರೋಗ್ಯ ವಿಭಾಗವನ್ನು ಒಂದು ರೋಗಕ್ಕೆ ಮೀಸಲಿಡದೆ ಒಂದು ಪದಕ್ಕೆ ಮೀಸಲಿಟ್ಟಿದ್ದೇವೆ.

‘ಇಂಪೇರ್’ ಎಂಬ ಕ್ರಿಯಾಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲದಲ್ಲಿರುವುದು ‘ಇನ್ನಷ್ಟು ಕೆಟ್ಟ’ ಎಂಬರ್ಥದ ಪದ. ಎಂದರೆ ಮೊದಲಿದ್ದುದಕ್ಕಿಂತ ಸ್ಥಿತಿ ಇಳಿಯುವುದು, ಬಲ ತಗ್ಗುವುದು. ವೈದ್ಯರ ಬಳಕೆಯಲ್ಲಿ ಈ ಪದ ಎರಡು ಸಂಗತಿಗಳನ್ನು ಹೇಳುತ್ತದೆ: ಒಂದು ಅಂಗದ ಅಥವಾ ಇಂದ್ರಿಯದ ಕೆಲಸ ಸಾಮಾನ್ಯಕ್ಕಿಂತ ಕಡಿಮೆಯಾಗಿದೆ; ಆ ಕಡಿಮೆಯನ್ನು ಅಳೆಯಬಹುದು. ಆದ್ದರಿಂದಲೇ ಅದರ ಹಿಂದೆ ‘ಮೈಲ್ಡ್’, ‘ಮಾಡರೇಟ್’, ‘ಸಿವಿಯರ್’ ಎಂಬ ವಿಶೇಷಣಗಳು ಬರುತ್ತವೆ. ಅಲ್ಪ, ಮಧ್ಯಮ, ತೀವ್ರ ಎಂದು ನಾವು ಹೇಳಬಹುದು. ಪೂರ್ತಿ ಇಲ್ಲವಾಗಿದೆ ಎಂಬ ಅರ್ಥ ಆ ಪದಕ್ಕೆ ತಾನಾಗಿ ಇಲ್ಲ. ಕನ್ನಡದಲ್ಲಿ ಇದಕ್ಕೆ ‘ಕುಂದು’ ಎಂಬ ಒಳ್ಳೆಯ ಮಾತಿದೆ. ಬೆಳಕು ಕುಂದುತ್ತದೆ, ಬಲ ಕುಂದುತ್ತದೆ, ಉತ್ಸಾಹ ಕುಂದುತ್ತದೆ. ಕುಂದಿದ್ದು ಹಲವು ವೇಳೆ ಮತ್ತೆ ಏರುತ್ತದೆ. ‘ದೋಷ’ ಎಂದರೆ ಯಾರದೋ ತಪ್ಪಿನ ವಾಸನೆ ಬರುತ್ತದೆ, ‘ನಷ್ಟ’ ಎಂದರೆ ಕಥೆ ಮುಗಿಯಿತೆಂಬ ಧ್ವನಿ ಬರುತ್ತದೆ. ಕಿವಿಯ ಕುಂದು, ದೃಷ್ಟಿಯ ಕುಂದು, ಮೂತ್ರಪಿಂಡದ ಕೆಲಸದಲ್ಲಿ ಕುಂದು ಎಂದು ಹೇಳುವುದನ್ನು ಮನೆಮನೆಗಳಲ್ಲಿ ರೂಢಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಈ ಪದದ ನೆರೆಯಲ್ಲಿ ಇನ್ನೆರಡು ಪದಗಳಿವೆ, ‘ಡಿಸೆಬಿಲಿಟಿ’ ಮತ್ತು ‘ಹ್ಯಾಂಡಿಕ್ಯಾಪ್’. ಮೂರನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಮೂರಕ್ಕೂ ಬೇರೆ ಬೇರೆ ಅರ್ಥವನ್ನು ಗೊತ್ತುಪಡಿಸಲಾಗಿತ್ತು. ಸವೆದ ಮೊಣಕಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೀಲಿನ ಮೃದ್ವಸ್ಥಿ ಸವೆದು ಕಾಲು ಪೂರ್ತಿ ಮಡಚಲಾಗದಿರುವುದು ಇಂಪೇರ್‌ಮೆಂಟ್, ಅದು ದೇಹದ ಮಾತು. ಅದರಿಂದ ಮೆಟ್ಟಿಲು ಹತ್ತಲು, ನೆಲದ ಮೇಲೆ ಕೂರಲು ಆಗದಿರುವುದು ಡಿಸೆಬಿಲಿಟಿ, ಅದು ಕೆಲಸದ ಮಾತು. ಆ ಕಾರಣದಿಂದ ಮದುವೆಗೆ ಕರೆಯದೇ ಇರುವುದು, ನೌಕರಿ ತಪ್ಪುವುದು, ಜಾತ್ರೆ ಉತ್ಸವಗಳಿಂದ ಹೊರಗುಳಿಯುವುದು ಹ್ಯಾಂಡಿಕ್ಯಾಪ್. ಅದು ಸಮಾಜದ ಮಾತು. ಹ್ಯಾಂಡಿಕ್ಯಾಪ್ ಎಂಬ ಪದವು ಟೋಪಿ ಹಿಡಿದು ಬೇಡುವವರಿಂದ ಬಂತೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಇಂಗ್ಲೆಂಡಿನಲ್ಲಿ ಟೋಪಿಯೊಳಗೆ ಕೈಹಾಕಿ ಆಡುತ್ತಿದ್ದ ಒಂದು ಪಣದ ಆಟದಿಂದ ಅದು ಹುಟ್ಟಿ, ಮುಂದೆ ಕುದುರೆ ಪಂದ್ಯಕ್ಕೆ ಹೋಯಿತು. ಅಲ್ಲಿ ಬಲಶಾಲಿ ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೇರಿ ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶವನ್ನು ಸರಿದೂಗಿಸುವುದಕ್ಕೆ ಆ ಹೆಸರು. ಹೊರಗಿನವರು ಹೇರಿದ ಭಾರ ಎಂಬ ಈ ಮೂಲಾರ್ಥವೇ ಸತ್ಯಕ್ಕೆ ಹತ್ತಿರವಾಗಿತ್ತು ಎನ್ನಬೇಕು. ಆದರೆ ಬಳಕೆಯಲ್ಲಿ ಅದು ಬೈಗುಳದಂತೆ ಆಗಿಹೋದ್ದರಿಂದ 2001ರ ಹೊಸ ವರ್ಗೀಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು.

ನಮ್ಮ ದೇಶದ ಕಾನೂನೂ ಈ ಅಂತರವನ್ನು ಒಪ್ಪಿದೆ. 2016ರಲ್ಲಿ ಸಂಸತ್ತು ಅಂಗೀಕರಿಸಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹಕ್ಕುಗಳ ಅಧಿನಿಯಮವು, ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ಕುಂದುಳ್ಳ ವ್ಯಕ್ತಿಗೆ ಸುತ್ತಲಿನ ಅಡೆತಡೆಗಳು ಎದುರಾಗಿ, ಇತರರಂತೆ ಸಮಾಜದಲ್ಲಿ ಪಾಲ್ಗೊಳ್ಳಲು ತೊಡಕಾದಾಗ ಅದನ್ನು ಡಿಸೆಬಿಲಿಟಿ ಎಂದು ಪರಿಗಣಿಸುತ್ತದೆ. ಕುಂದು ದೇಹದಲ್ಲಿರುತ್ತದೆ; ಅಸಾಮರ್ಥ್ಯವು ಆ ದೇಹಕ್ಕೂ ಎದುರಿನ ಮೆಟ್ಟಿಲಿಗೂ ನಡುವೆ ಹುಟ್ಟುತ್ತದೆ. ಮೊದಲನೆಯದನ್ನು ಗುಣಪಡಿಸುವುದು ಎಲ್ಲ ಸಲವೂ ವೈದ್ಯರ ಕೈಯಲ್ಲಿರುವುದಿಲ್ಲ. ಎರಡನೆಯದರ ಬಹುಪಾಲು ನಮ್ಮ ನಿಮ್ಮ ಕೈಯಲ್ಲಿದೆ.

ಇನ್ನು ಕನ್ನಡದ ಪದಗಳ ಪಾಡನ್ನು ನೋಡಿದರೆ ಬೇಸರವಾಗುತ್ತದೆ. ಕುಂಟ, ಕುರುಡ, ಕಿವುಡ ಎಂಬ ಮಾತುಗಳನ್ನು ಬಿಟ್ಟು ‘ಅಂಗವಿಕಲ’ ಎಂದೆವು. ಅದೂ ಒರಟೆನಿಸಿ ‘ವಿಕಲಚೇತನ’ ಎಂದು ಬದಲಿಸಿದೆವು. ಇಂದು ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲಿಯೂ ಅದೇ ಇದೆ. 2015ರ ಕೊನೆಯಲ್ಲಿ ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ ಸೂಚಿಸಿದ ಬಳಿಕ ‘ದಿವ್ಯಾಂಗ’ ಎಂಬುದೂ ಸೇರಿಕೊಂಡಿತು. ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ‘ವಿಕಲಚೇತನ’ ಎಂಬ ಸಮಾಸವನ್ನು ಬಿಡಿಸಿ ನೋಡಿ: ಯಾರ ಚೇತನವು ಊನಗೊಂಡಿದೆಯೋ ಅವರು! ಪೋಲಿಯೋದಿಂದ ಒಂದು ಕಾಲು ಸೊರಗಿದ ಮನುಷ್ಯನ ಚೇತನಕ್ಕೆ ಏನಾಗಿದೆ? ಅಂಗದಲ್ಲಿದ್ದ ಕುಂದನ್ನು ಅರಿವಿನ ತನಕ ಏರಿಸಿ, ಅದನ್ನೇ ಗೌರವವೆಂದು ಕರೆದೆವು. ಚೈತನ್ಯವೇ ಮನುಷ್ಯನ ತಿರುಳೆಂದು ನಂಬಿದ ನಮ್ಮ ಪರಂಪರೆಯವರಾದರೂ ಈ ಪದ ಬಳಸುವ ಮೊದಲು ಒಂದು ಕ್ಷಣ ಯೋಚಿಸಬೇಕಾಗಿತ್ತು. ‘ದಿವ್ಯಾಂಗ’ದ ತೊಂದರೆ ಬೇರೆ ಬಗೆಯದು. ದಿವ್ಯವಾದ ಅಂಗವಿರುವವರಿಗೆ ಕೈಪಿಡಿಗಂಬಿ ಏಕೆ, ಶ್ರವಣ ಸಾಧನ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ. ಸರಳವಾಗಿ ‘ಕಣ್ಣು ಕಾಣದವರು’, ‘ನಡೆಯಲು ಕಷ್ಟವಿರುವವರು’ ಎಂದು ಇದ್ದುದನ್ನು ಇದ್ದಂತೆ ಹೇಳಿದರೆ ಸಾಕೆಂದು ನಮಗೆ ತೋರುತ್ತದೆ. ಯಾರನ್ನು ಕುರಿತು ಆಡುತ್ತೇವೆಯೋ ಅವರನ್ನೇ ಕೇಳುವುದು ಇನ್ನೂ ಉತ್ತಮ. ಸಂಜ್ಞಾಭಾಷೆಯನ್ನೇ ತಮ್ಮ ಭಾಷೆಯಾಗಿ ಉಳ್ಳ ಕಿವುಡರಲ್ಲಿ ಬಹಳ ಜನ ‘ಹಿಯರಿಂಗ್ ಇಂಪೇರ್ಡ್’ ಎಂಬ ನಯದ ಮಾತನ್ನು ಒಪ್ಪುವುದಿಲ್ಲ. ನೇರವಾಗಿ ಕಿವುಡರೆಂದು ಕರೆಯುವುದನ್ನೇ ಬಯಸುತ್ತಾರೆ. ತಮ್ಮಲ್ಲಿ ಏನೋ ಕುಂದಿದೆ ಎಂಬ ಹೆಸರಿಗಿಂತ ಅದು ಅವರಿಗೆ ಗೌರವದ್ದಾಗಿ ಕಾಣುತ್ತದೆ.

ಪದದ ಅರ್ಥ ತಪ್ಪಿದಾಗ ಅತಿ ಹೆಚ್ಚು ನೋಯುವವರು ವೃದ್ಧರು. ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’ ಎಂಬುದನ್ನು ‘ಗ್ರಹಣಶಕ್ತಿಯ ಅಲ್ಪ ಕುಂದು’ ಎನ್ನಬಹುದು. ವಯಸ್ಸಿಗೆ ಸಹಜವಾದ ಮರೆವಿಗಿಂತ ತುಸು ಹೆಚ್ಚು ಮರೆವಿರುತ್ತದೆ. ಹೆಸರುಗಳು ಬೇಗ ನೆನಪಾಗವು, ಹೇಳಿದ್ದನ್ನೇ ಮತ್ತೆ ಹೇಳುವುದುಂಟು. ಆದರೆ ಸ್ನಾನ, ಪೂಜೆ, ಅಡುಗೆ, ಹಣಕಾಸಿನ ವ್ಯವಹಾರ ಮುಂತಾದ ನಿತ್ಯದ ಕೆಲಸಗಳನ್ನು ಅವರು ತಾವೇ ನಡೆಸಿಕೊಂಡು ಹೋಗುತ್ತಾರೆ. ‘ಡಿಮೆನ್ಷಿಯಾ’ ಎಂದು ಕರೆಯುವ ಮರೆಗುಳಿತನದ ರೋಗಕ್ಕೂ ಇದಕ್ಕೂ ಇರುವ ಗಡಿ ಇದೇ. ಅಲ್ಲಿ ನಿತ್ಯದ ಸ್ವಾವಲಂಬನೆ ತಪ್ಪಿರುತ್ತದೆ, ಇಲ್ಲಿ ತಪ್ಪಿರುವುದಿಲ್ಲ. ಈ ಅಲ್ಪ ಕುಂದಿರುವವರಿಗೆ ಮುಂದೆ ಆ ರೋಗ ಬರುವ ಸಂಭವ ಇತರರಿಗಿಂತ ಹೆಚ್ಚೆಂಬುದು ನಿಜ. ಆದರೂ ಎಲ್ಲರಿಗೂ ಬರುವುದಿಲ್ಲ. ಹಲವರು ವರ್ಷಗಟ್ಟಲೆ ಅದೇ ಸ್ಥಿತಿಯಲ್ಲಿ ಇರುತ್ತಾರೆ, ಕೆಲವರು ಸಹಜ ಸ್ಥಿತಿಗೆ ಮರಳುವುದೂ ಉಂಟು.

ನಾವು ಬಲ್ಲ ಒಂದು ಕುಟುಂಬದಲ್ಲಿ ಎಪ್ಪತ್ತು ದಾಟಿದ ತಾಯಿಯವರಿಗೆ ಇಂಥದೊಂದು ವರದಿ ಬಂತು. ಮಕ್ಕಳು ಕೆಟ್ಟವರಲ್ಲ, ತಾಯಿಯನ್ನು ಪ್ರೀತಿಯಿಂದ ನೋಡಿಕೊಳ್ಳುವವರು. ಆ ಪ್ರೀತಿಯಿಂದಲೇ ಒಲೆಯ ಬಳಿ ಹೋಗಬಾರದೆಂದರು, ತಿಜೋರಿಯ ಬೀಗದ ಕೈಯನ್ನು ತೆಗೆದುಕೊಂಡರು, ಪ್ರತಿ ಅಮಾವಾಸ್ಯೆಗೆ ಒಬ್ಬರೇ ಬಸ್ಸಿನಲ್ಲಿ ಮಠಕ್ಕೆ ಬರುತ್ತಿದ್ದುದನ್ನು ನಿಲ್ಲಿಸಿದರು. ಬಂದವರೆದುರು ‘ಅವ್ವಗ ಈಗ ಏನೂ ತಿಳಿಯಂಗಿಲ್ರಿ’ ಎಂದು ಅವರು ಕೇಳುವಂತೆಯೇ ಹೇಳತೊಡಗಿದರು. ಆರು ತಿಂಗಳಲ್ಲಿ ಆ ತಾಯಿ ಮಾತನ್ನೇ ಕಡಿಮೆ ಮಾಡಿದರು. ಮಾತಾಡದಿರುವುದನ್ನು ಕಂಡ ಮನೆಯವರು ರೋಗ ಏರಿತೆಂದು ತಿಳಿದರು. ಬಳಿಕ ಬೇರೊಬ್ಬ ವೈದ್ಯರು ರಕ್ತ ಪರೀಕ್ಷಿಸಿದಾಗ ಬಿ-12 ಜೀವಸತ್ವ ಬಹಳ ತಗ್ಗಿತ್ತು. ಎರಡೂ ಕಿವಿಗಳಲ್ಲಿ ಕೇಳುವ ಶಕ್ತಿ ಕುಂದಿತ್ತು. ಚುಚ್ಚುಮದ್ದು ಕೊಟ್ಟು, ಶ್ರವಣ ಸಾಧನ ಹಾಕಿಸಿದ ಮೇಲೆ ಅವರು ಮತ್ತೆ ಮಾತಿಗೆ ಬಂದರು. ಮರೆವು ಪೂರ್ತಿ ಹೋಗಿಲ್ಲ, ಆದರೆ ಮೊಮ್ಮಕ್ಕಳ ಪರೀಕ್ಷೆ ಯಾವಾಗ ಎಂಬುದು ಅವರಿಗೆ ಮನೆಯ ಎಲ್ಲರಿಗಿಂತ ಚೆನ್ನಾಗಿ ನೆನಪಿರುತ್ತದೆ. ತಿಜೋರಿಯ ಬೀಗದ ಕೈ ಮಾತ್ರ ಇನ್ನೂ ಅವರಿಗೆ ಮರಳಿಲ್ಲ.

ಬಿ-12ರ ವಿಷಯವನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಕಾಳು, ಸೊಪ್ಪು, ತರಕಾರಿ, ರೊಟ್ಟಿಗಳಲ್ಲಿ ಈ ಜೀವಸತ್ವ ಇಲ್ಲ. ಸಸ್ಯಾಹಾರಿಗಳಾದ ನಮಗೆ ಅದು ಮುಖ್ಯವಾಗಿ ಹಾಲು, ಮೊಸರುಗಳಿಂದಲೇ ದೊರೆಯಬೇಕು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಆಮ್ಲಪಿತ್ತಕ್ಕೆ ಮಾತ್ರೆ ಎಂದು ವರ್ಷಾನುಗಟ್ಟಲೆ ಸೇವಿಸುವವರಲ್ಲಿ ಇನ್ನೂ ತಗ್ಗುತ್ತದೆ. ಅದರ ಕೊರತೆಯಿಂದ ಮರೆವು, ಅಂಗಾಲಿನಲ್ಲಿ ಜುಮುಗುಡುವಿಕೆ, ನಡೆಯುವಾಗ ಓಲಾಟ ಕಾಣಿಸಿಕೊಳ್ಳಬಹುದು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ನಿದ್ರೆಯ ಮಾತ್ರೆಗಳು, ಕೇಳದ ಕಿವಿ ಇವೂ ಮರೆವಿನ ವೇಷದಲ್ಲಿ ಬರುತ್ತವೆ. ವರದಿಯಲ್ಲಿ ಆ ಪದ ಕಂಡಾಗ ‘ಇದಕ್ಕೆ ಸರಿಪಡಿಸಬಹುದಾದ ಕಾರಣ ಏನಾದರೂ ಇದೆಯೇ?’ ಎಂದು ವೈದ್ಯರನ್ನು ಕೇಳಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಸಕ್ಕರೆಯ ವಿಷಯದಲ್ಲಿ ಈ ಪದ ಇನ್ನೂ ಆಶಾದಾಯಕ. ಗ್ಲೂಕೋಸ್ ಕುಡಿದು ಎರಡು ಗಂಟೆಯ ಬಳಿಕ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 140ರಿಂದ 199 ಮಿಲಿಗ್ರಾಂ ಇದ್ದರೆ ‘ಇಂಪೇರ್ಡ್ ಗ್ಲೂಕೋಸ್ ಟಾಲರೆನ್ಸ್’ ಎನ್ನುತ್ತಾರೆ. ಅದು ಮಧುಮೇಹದ ಹೊಸ್ತಿಲು. ತೂಕ ಇಳಿಸಿ, ದಿನವೂ ನಡೆದು, ಅನ್ನ ಸಿಹಿಗಳನ್ನು ಮಿತಗೊಳಿಸಿದರೆ ಹೊಸ್ತಿಲಿನಿಂದ ಹಿಂದಕ್ಕೆ ಬರುವವರು ಬಹಳ ಜನರಿದ್ದಾರೆ. ಮೂತ್ರಪಿಂಡದ ವರದಿಯಲ್ಲಿ ಎಚ್ಚರ ಬೇರೆ ಬಗೆಯದು. ಅಲ್ಲಿ ಕುಂದೆಂದರೆ ಡಯಾಲಿಸಿಸ್ ಎಂದಲ್ಲ. ಆದರೆ ಮೊಣಕಾಲು ನೋವಿಗೆಂದು ಔಷಧ ಅಂಗಡಿಯಲ್ಲಿ ತಾವೇ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಆ ಕುಂದನ್ನು ಬೇಗ ಬೆಳೆಸುತ್ತವೆ. ಬೇರೆ ಕಾಯಿಲೆಯ ಹಲವು ಔಷಧಗಳ ಪ್ರಮಾಣವನ್ನೂ ತಗ್ಗಿಸಬೇಕಾಗುತ್ತದೆ. ಆದುದರಿಂದ ಯಾವ ವೈದ್ಯರ ಬಳಿಗೆ ಹೋದರೂ, ಹಲ್ಲಿನ ವೈದ್ಯರಾದರೂ ಸರಿ, ಆ ಚೀಟಿಯನ್ನು ಮೊದಲು ತೋರಿಸಬೇಕು.

ಮಕ್ಕಳ ಕಿವಿಯ ಮಾತಿಗೆ ಬಂದರೆ ಕಾಲವೇ ಎಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪ್ರಾಥಮಿಕ ಪರೀಕ್ಷೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿಯ ಆರಂಭ ಎಂಬುದು ತಜ್ಞರು ಇಟ್ಟುಕೊಂಡಿರುವ ಗುರಿ. ನಮ್ಮಲ್ಲಿ ಏನಾಗುತ್ತದೆ? ‘ಅವರ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಮೂರು ವರ್ಷ ಕಾಯುತ್ತೇವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದು, ಅಂಥ ಪರೀಕ್ಷೆಯೂ ತರಬೇತಿಯೂ ಅಲ್ಲಿ ದೊರೆಯುತ್ತವೆ. ಇಷ್ಟು ಹತ್ತಿರದಲ್ಲಿದ್ದೂ ಅದರ ಬಾಗಿಲಿಗೆ ತಡವಾಗಿ ಹೋಗುವುದಕ್ಕೆ ‘ಕಿವುಡ’ ಎಂಬ ಮಾತಿನ ಅಂಜಿಕೆಯೇ ದೊಡ್ಡ ಕಾರಣವೆಂದು ನಾವು ಬಲ್ಲೆವು. ‘ಮಗುವಿನ ಕೇಳುವ ಶಕ್ತಿ ಎಷ್ಟು ಕುಂದಿದೆ?’ ಎಂದು ಕೇಳಲು ಕಲಿತರೆ ಆ ಅಂಜಿಕೆ ಸ್ವಲ್ಪ ಸಡಿಲಾಗಬಹುದು.

ಅಳತೆಯ ವಿಷಯದಲ್ಲಿ ಒಂದು ತೊಡಕನ್ನು ಮುಚ್ಚಿಡಲಾಗದು. ವೈದ್ಯರ ಅಳತೆ ಒಂದು, ಕಾನೂನಿನ ಅಳತೆ ಇನ್ನೊಂದು. ಕಾನೂನಿನ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಧ್ವನಿಗೆ ಸಂಬಂಧಿಸಿದಂತೆ 60 ಡೆಸಿಬಲ್‌ನಷ್ಟು ಕುಂದಿದ್ದರೆ ಮಾತ್ರ ಮಂದಶ್ರವಣದವರ ಪಟ್ಟಿಗೆ ಸೇರುತ್ತಾರೆ. 45 ಡೆಸಿಬಲ್ ಕುಂದಿರುವ ವಿದ್ಯಾರ್ಥಿಗೆ ತರಗತಿಯ ಹಿಂದಿನ ಬೆಂಚಿನಲ್ಲಿ ಪಾಠ ಸರಿಯಾಗಿ ಕೇಳಿಸದು. ವೈದ್ಯರ ವರದಿಯಲ್ಲಿ ಆ ಕುಂದು ಇರುತ್ತದೆ, ಸರ್ಕಾರಿ ಪಟ್ಟಿಯಲ್ಲಿ ಇರುವುದಿಲ್ಲ. ಹಾಗೆಯೇ ಮೀಸಲಾತಿ ಮುಂತಾದ ಮುಖ್ಯ ಸೌಲಭ್ಯಗಳಿಗೆ ಶೇ. 40 ಎಂಬ ಗೆರೆ ಇದೆ. ಗೆರೆಯ ಈಚೆಗಿರುವ ಮಗುವನ್ನು ಮುಂದಿನ ಬೆಂಚಿಗೆ ಕೂರಿಸಲು ಶಿಕ್ಷಕರಿಗೆ ಯಾವ ಪ್ರಮಾಣಪತ್ರವೂ ಬೇಕಾಗಿಲ್ಲವಷ್ಟೆ.

ಗೆರೆಯ ಆಚೆಗಿರುವವರ ಕಷ್ಟ ಬೇರೆ. 2016ರ ಕಾನೂನಿನಲ್ಲಿ 21 ಬಗೆಯ ಸ್ಥಿತಿಗಳಿವೆ; ಹಿಂದಿನ 1995ರ ಕಾನೂನಿನಲ್ಲಿ ಏಳೇ ಇದ್ದವು. ಪಾರ್ಕಿನ್ಸನ್ ಕಾಯಿಲೆ, ತಲಸ್ಸೇಮಿಯಾ, ಹಿಮೋಫಿಲಿಯಾ, ಕಲಿಕೆಯ ನಿರ್ದಿಷ್ಟ ತೊಡಕು ಮುಂತಾದವು ಈಗ ಸೇರಿವೆ. ಸರ್ಕಾರಿ ನೌಕರಿಯಲ್ಲಿ ಶೇ. 4, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲಿದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಇಂಥವರ ಸಂಖ್ಯೆ ಸುಮಾರು 13 ಲಕ್ಷವಿತ್ತು. ಆದರೂ ಮಗಳ ಮದುವೆಗೆ ಅಡ್ಡಿಯಾದೀತೆಂದು ಪ್ರಮಾಣಪತ್ರವನ್ನೇ ಮಾಡಿಸದ ತಂದೆತಾಯಿಗಳು ನಮ್ಮ ನಡುವೆ ಇದ್ದಾರೆ. ಮಗಳಿಗೆ ಓದುವ ಹಕ್ಕು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ನೌಕರಿಯ ದಾರಿ ಇವೆಲ್ಲ ಆ ಒಂದು ಕಾಗದದೊಡನೆ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಇದನ್ನು ನಾವು ಸೌಮ್ಯವಾದ ಮಾತಿನಲ್ಲಿ ಹೇಳಲಾರೆವು. ಅದು ಮಗಳಿಗೆ ಮಾಡುವ ಅನ್ಯಾಯ.

ಕುಂದು ಒಂದು, ಅಸಾಮರ್ಥ್ಯ ಇನ್ನೊಂದು ಎಂಬುದಕ್ಕೆ ನಮ್ಮ ನಾಡಿನಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಸಂಗೀತ ಕಲಿತ ಪಂಚಾಕ್ಷರಿ ಗವಾಯಿಗಳವರಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳವರಿಗೂ ಕಣ್ಣು ಕಾಣುತ್ತಿರಲಿಲ್ಲ. ಆ ಕುಂದು ಕೊನೆಯವರೆಗೂ ಹಾಗೆಯೇ ಇತ್ತು, ಯಾರೂ ಅದನ್ನು ನೀಗಲಿಲ್ಲ. ಬದಲಾದದ್ದು ಸುತ್ತಲಿನ ಏರ್ಪಾಡು. ಊಟ, ವಸತಿ, ಗುರು, ವಾದ್ಯ ಇವು ದೊರೆತವು, ಕಿವಿಯಿಂದ ಕಲಿಯುವ ಪದ್ಧತಿ ದೊರೆಯಿತು. ಅಲ್ಲಿಂದ ನೂರಾರು ಅಂಧ ಮಕ್ಕಳು ಸಂಗೀತಗಾರರಾಗಿ ಸ್ವಂತ ಕಾಲಮೇಲೆ ನಿಂತರು. ಪವಾಡವೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆದರೆ ಅಲ್ಲಿ ನಡೆದದ್ದು ದಿನದಿನದ ದುಡಿಮೆ, ಅನ್ನದ ಮತ್ತು ಪಾಠದ ಕಟ್ಟುನಿಟ್ಟಾದ ವ್ಯವಸ್ಥೆ.

ಅಂಥ ವ್ಯವಸ್ಥೆಯ ಸಣ್ಣ ಪಾಲನ್ನು ಪ್ರತಿ ಊರಿನ ಮಠ, ಮಂಗಲ ಕಾರ್ಯಾಲಯ, ಸಮುದಾಯ ಭವನಗಳೂ ಮಾಡಬಹುದು. ಗಾಲಿಕುರ್ಚಿ ಏರುವ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕವಿದೆ. ಹದಿನೈದು ಸೆಂಟಿಮೀಟರ್ ಎತ್ತರದ ನಾಲ್ಕು ಮೆಟ್ಟಿಲುಗಳಿದ್ದರೆ ಒಟ್ಟು ಅರವತ್ತು ಸೆಂಟಿಮೀಟರ್, ಅದಕ್ಕೆ ಏಳು ಮೀಟರಿಗಿಂತ ತುಸು ಹೆಚ್ಚು ಉದ್ದದ ಇಳಿಜಾರು ಬೇಕು. ಕಟ್ಟಡ ಕಟ್ಟುವ ಮೊದಲೇ ಯೋಚಿಸಿದರೆ ಖರ್ಚು ಅಲ್ಪ. ಹೆಸರಿಗೆಂದು ಕಡಿದಾಗಿ ಕಟ್ಟಿದ ಇಳಿಜಾರು ಮೆಟ್ಟಿಲಿಗಿಂತ ಅಪಾಯಕರ. ಎರಡೂ ಬದಿಗೆ ಕೈಪಿಡಿಗಂಬಿ ಇರಲಿ. ಒಂದು ಶೌಚಾಲಯದಲ್ಲಾದರೂ ಕುರ್ಚಿಯಂತೆ ಕೂರುವ ಕಮೋಡು ಇರಲಿ. ಆಶೀರ್ವಚನದ ವೇಳೆ ಕಿವಿ ಕುಂದಿದವರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಬಿಡೋಣ. ದಾಸೋಹದಲ್ಲಿ ನೆಲಕ್ಕೆ ಕೂರಲಾಗದವರಿಗೆ ಮೇಜು ಬೆಂಚುಗಳನ್ನು ಹಾಕುವುದು ಈಗ ಹಲವೆಡೆ ರೂಢಿಗೆ ಬಂದಿದೆ, ಸಂತೋಷ. ಅವನ್ನು ಕೈತೊಳೆಯುವ ನಲ್ಲಿಯ ಪಕ್ಕದ ಮೂಲೆಯಲ್ಲಿ ಹಾಕದೆ, ಎಲ್ಲರೂ ಕೂರುವ ಪಂಕ್ತಿಯ ಜೊತೆಯಲ್ಲಿಯೇ ಹಾಕಿದರೆ, ಬಡಿಸುವವರು ಅಲ್ಲಿಗೂ ಮೊದಲ ಸುತ್ತಿನಲ್ಲೇ ಬರುತ್ತಾರೆ.